ನಮ್ಮ ರಾಜ ಯಾರು?
ಕೃಷ್ಣೆ ದಂಡೆಯ ರಾಜ್ಯಗಳು, ಮನೆಮಂದಿಯ ಯುದ್ಧಗಳು ಮತ್ತು ನಮ್ಮ ಕೇರಿ



ಹೋದ ಸಲ ಬಾಬಾಸಾಹೇಬರ ಜಯಂತಿಗೆ ಫ್ಲೆಕ್ಸ್ ಕಟ್ಟುವಾಗ ಒಂಬತ್ತನೇ ಕ್ಲಾಸಿನ ಒಬ್ಬ ತಮ್ಮ ನನ್ನನ್ನು ಕೇಳಿದ: “ಅಣ್ಣಾ, ವಾಟ್ಸಾಪ್ ಸ್ಟೇಟಸ್‌ನಾಗ ಎಲ್ಲಾ ಮಂದಿ ತಮ್ಮ ತಮ್ಮ ರಾಜನ ಫೋಟೋ ಇಡ್ತಾರ. ಕತ್ತಿ ಹಿಡಿದಿದ್ದು, ಕುದುರಿ ಮ್ಯಾಲೆ ಕುಂತಿದ್ದು. ನಮ್ಮ ರಾಜ ಯಾರು?”

ಅಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಯಾರೂ ಕೊಡಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದೋನು ನಾನೇ, ನನಗೂ ಬಾಯಿ ಬರಲಿಲ್ಲ. ಆ ಹುಡುಗ ತಮಾಷೆಗೆ ಕೇಳಿದ್ದಲ್ಲ. ಮೆರವಣಿಗೆಯಲ್ಲಿ ಎಲ್ಲರ ಹಿಂದೆ ನಡೆಯೋನು ಕೇಳುವ ಪ್ರಶ್ನೆ ಅದು. ಅದಕ್ಕೇ ಈ ಸಂಚಿಕೆಗೆ ಏನಾದರೂ ಬರಿ ಅಂತ ಸಂಘದವರು ಹೇಳಿದಾಗ, ಅವನಿಗೆ ಕೊಡಬೇಕಾದ ಉತ್ತರವನ್ನೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದ, ಬೇಸರ ಮಾಡ್ಕೋಬ್ಯಾಡ್ರಿ.

ನಾವು ನಿಂತಿರುವ ನೆಲ

ಮೊದಲು ನಮ್ಮ ನಕಾಶೆ ನೋಡ್ರಿ. ಪಶ್ಚಿಮದಿಂದ ಕೃಷ್ಣೆ ಬರ್ತಾಳೆ. ಮಕ್ತಲ್ ಕಡೆ ಭೀಮೆ ಬಂದು ಅವಳನ್ನು ಕೂಡ್ತಾಳೆ. ಮಕ್ತಲ್, ನಾರಾಯಣಪೇಟೆ ಕೃಷ್ಣೆಯ ಉತ್ತರಕ್ಕೆ. ದಕ್ಷಿಣಕ್ಕೆ ದಾಟಿದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲ. ಇತಿಹಾಸದ ಪುಸ್ತಕದಲ್ಲಿ ಅದಕ್ಕೆ ರಾಯಚೂರು ದೋಆಬ್ ಅಂತಾರೆ, ಗದ್ವಾಲ್ ಕಡೆ ತೆಲುಗಿನಲ್ಲಿ ನಡಿಗಡ್ಡ ಅಂತಾರೆ. ಎರಡು ಹೊಳೆ ನಡುವಿನ ಈ ನೆಲಕ್ಕಾಗಿ ನಡೆದಷ್ಟು ಯುದ್ಧ ದಕ್ಷಿಣದಲ್ಲಿ ಬೇರೆ ಕಡೆ ನಡೆದದ್ದು ಕಡಿಮೆ. ವಿಜಯನಗರದವರು ಮತ್ತು ಬಹಮನಿಗಳು ಇಲ್ಲಿ ಬಡಿದಾಡಿದರು. ಬಹಮನಿ ರಾಜ್ಯ ಒಡೆದು ಐದಾದ ಮೇಲೆ ವಿಜಯಪುರದ ಆದಿಲ್‌ಶಾಹಿಗಳು ಬಂದರು. ಆಮೇಲೆ ಮೊಗಲರು, ಆಮೇಲೆ ನಿಜಾಮರು.

ಇವರೆಲ್ಲ ಪರಸ್ಪರ ಯಾಕೆ ಬಡಿದಾಡಿದರು ಅನ್ನೋದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಅವರು ತಮ್ಮ ತಮ್ಮ ಮನೆಯೊಳಗೇ ಯಾಕೆ ಬಡಿದಾಡಿದರು ಅನ್ನೋದನ್ನು ಅಷ್ಟಾಗಿ ಹೇಳೋದಿಲ್ಲ. ನನಗೆ ಓದುತ್ತಾ ಓದುತ್ತಾ ಅನಿಸಿದ್ದು, ಆ ಎರಡನೇ ಪ್ರಶ್ನೆಯಲ್ಲೇ ನಮ್ಮ ಹುಡುಗನ ಪ್ರಶ್ನೆಗೂ ಉತ್ತರ ಅದ.

ಸಿಂಹಾಸನಕ್ಕೆ ಒಂದೇ ಕಾಯ್ದೆ: ಹುಟ್ಟು

ರಾಜ ಯಾಕೆ ರಾಜ? ಜಾಣ ಅಂತಲ್ಲ, ಒಳ್ಳೇವನು ಅಂತಲ್ಲ. ರಾಜನ ಹೊಟ್ಟೇಲಿ ಹುಟ್ಟಿದ ಅಂತ. ಅವನು ಸತ್ತಾಗ ಮಗ ಚಿಕ್ಕವನಾದರೆ? ಇಬ್ಬರು ಮಕ್ಕಳಿದ್ದರೆ? ಮಕ್ಕಳೇ ಇಲ್ಲದಿದ್ದರೆ? ಆಗ ಜನರನ್ನು ಕೇಳುವ ಪದ್ಧತಿ ಇರಲಿಲ್ಲ. ಉಳಿದದ್ದು ಕತ್ತಿ.

ವಿಜಯನಗರವನ್ನೇ ತೊಗೊಳ್ರಿ. 1485ರಲ್ಲಿ ಸಾಳುವ ನರಸಿಂಹ ಅನ್ನೋ ದಳವಾಯಿ ಸಂಗಮ ವಂಶದ ಕೊನೆಯ ರಾಜನಿಂದ ಸಿಂಹಾಸನ ಕಿತ್ತುಕೊಂಡ. ಅವನು ಸಾಯುವಾಗ ಮಕ್ಕಳು ಸಣ್ಣವರು. ನೋಡ್ಕೋ ಅಂತ ತುಳುವ ನರಸನಾಯಕನ ಕೈಗೆ ಕೊಟ್ಟ. 1505ರಲ್ಲಿ ಆ ನರಸನಾಯಕನ ಮಗ ವೀರನರಸಿಂಹ, ತಂದೆ ಕಾಯಬೇಕಿದ್ದ ಆ ರಾಜನನ್ನೇ ಮುಗಿಸಿ ತಾನು ಕೂತ. ಈ ವೀರನರಸಿಂಹನ ತಮ್ಮನೇ ನಾವೆಲ್ಲ ಹಾಡಿ ಹೊಗಳುವ ಕೃಷ್ಣದೇವರಾಯ.

ಕೃಷ್ಣದೇವರಾಯ ದೊಡ್ಡ ರಾಜ, ಅದರಲ್ಲಿ ಎರಡು ಮಾತಿಲ್ಲ. 1520ರಲ್ಲಿ ರಾಯಚೂರು ಕೋಟೆ ಗೆದ್ದ. ಆ ಯುದ್ಧದ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದದ್ದರಲ್ಲಿ ನನಗೆ ಹಿಡಿಸಿದ್ದು ಆನೆ ಕುದುರೆ ಲೆಕ್ಕ ಅಲ್ಲ. ಸೈನ್ಯದ ಜೊತೆ ಸಾವಿರಾರು ಮಂದಿ ತೊಗಲಿನ ಚೀಲದಾಗ ನೀರು ಹೊತ್ತು ದಾರಿಯುದ್ದಕ್ಕೂ ನಿಂತಿದ್ದರಂತೆ, ಸಿಪಾಯಿಗಳು ಬಾಯಾರಿ ಸಾಯಬಾರದು ಅಂತ. ನಮ್ಮ ಬೇಸಿಗೆ ಬಿಸಿಲು ನಿಮಗೆ ಗೊತ್ತೇ ಅದ. ಮೇ ತಿಂಗಳಲ್ಲಿ ನಡೆದ ಯುದ್ಧ ಅದು. ನೀರಿಲ್ಲದೆ ಯಾವ ರಾಜನೂ ಗೆಲ್ಲುತ್ತಿರಲಿಲ್ಲ. ಆ ತೊಗಲು ಹದ ಮಾಡೋದು, ಚೀಲ ಹೊಲಿಯೋದು ಈ ನಾಡಿನಲ್ಲಿ ಯಾರ ಕೆಲಸ ಆಗಿತ್ತು ಅಂತ ನಾನು ಬೇರೆ ಹೇಳಬೇಕಿಲ್ಲ.

ಅಂಥ ರಾಜನ ಮನೆಯಲ್ಲೂ ಆದದ್ದು ಅದೇ. ತಾನು ಬದುಕಿರುವಾಗಲೇ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಮಗು ಸತ್ತಿತು. ವಿಷ ಹಾಕಿದರು ಅನ್ನೋ ಅನುಮಾನದ ಮೇಲೆ, ತನ್ನನ್ನು ಬೆಳೆಸಿದ ಮಂತ್ರಿ ತಿಮ್ಮರಸನನ್ನೇ ಸೆರೆಗೆ ಹಾಕಿ ಕಣ್ಣು ಕೀಳಿಸಿದ ಅಂತ ನೂನಿಜ್ ಬರೀತಾನೆ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡದ್ದೇ ತಡ, ಆದಿಲ್‌ಶಾಹಿಗಳು ರಾಯಚೂರು, ಮುದಗಲ್ಲು ವಾಪಸ್ ಹಿಡಿದರು.

ಅವನ ತಮ್ಮ ಅಚ್ಯುತರಾಯ 1542ರಲ್ಲಿ ತೀರಿಕೊಂಡಾಗ ಮನೆಯ ಜಗಳ ಬೀದಿಗೇ ಬಂತು. ಅಚ್ಯುತನ ಮಗ ವೆಂಕಟ ಇನ್ನೂ ಹುಡುಗ. ಅವನ ಸೋದರಮಾವ ಸಲಕರಾಜು ತಿರುಮಲ ಆ ಹುಡುಗನನ್ನೇ ಕೊಂದು ಪಟ್ಟಕ್ಕೇರಿದ. ಕೃಷ್ಣದೇವರಾಯನ ಅಳಿಯ ರಾಮರಾಯ ದಂಡು ಕಟ್ಟಿಕೊಂಡು ಬಂದು ತಿರುಮಲನನ್ನು ಕೊಂದ. ಆದರೆ ರಾಮರಾಯ ತಾನು ರಾಜ ಅಂತ ಹೇಳಿಕೊಳ್ಳಲಿಲ್ಲ. ರಾಜವಂಶದ ಸದಾಶಿವರಾಯನನ್ನು ಕೂರಿಸಿ, ಅವನ ಹೆಸರಲ್ಲಿ ತಾನೇ ಆಳಿದ. ರಾಜನನ್ನು ಒಳಗಿಟ್ಟು ವರ್ಷಕ್ಕೊಮ್ಮೆ ಜನರಿಗೆ ಮುಖ ತೋರಿಸುತ್ತಿದ್ದರು ಅಂತ ಇಟಲಿಯ ಪ್ರವಾಸಿ ಫೆಡೆರಿಚಿ ಬರೆದಿದ್ದಾನೆ. ಶಕ್ತಿ ಒಬ್ಬನದು, ರಕ್ತ ಒಬ್ಬನದು. ರಕ್ತದ ಗೊಂಬೆ ಇಲ್ಲದೆ ಶಕ್ತಿವಂತನಿಗೂ ಆಳೋಕೆ ಆಗುತ್ತಿರಲಿಲ್ಲ.

ಮದುವೆಯಿಂದ ಆದ ಒಕ್ಕೂಟ

ಈಗ ರಕ್ಕಸ-ತಂಗಡಿಗೆ ಬರೋಣ. 1565ರ ಜನವರಿಯಲ್ಲಿ ನಮ್ಮ ಇದೇ ಕೃಷ್ಣೆಯ ಮೇಲುಹರಿವಿನಲ್ಲಿ, ಹೊಳೆ ದಾಟುವ ಜಾಗದ ಹತ್ತಿರ ನಡೆದ ಯುದ್ಧ. ಇದನ್ನು ಎರಡು ಧರ್ಮಗಳ ಯುದ್ಧ ಅಂತ ಭಾಷಣದಲ್ಲಿ ಹೇಳ್ತಾರೆ. ನೋಡ್ರಿ, ವಿಷಯ ಅಷ್ಟು ಸರಳ ಇಲ್ಲ.

ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾ ತನ್ನ ಅಣ್ಣನಿಗೆ ಹೆದರಿ ಓಡಿಬಂದಾಗ ಏಳು ವರ್ಷ ಇಟ್ಟುಕೊಂಡು ಅನ್ನ ಹಾಕಿದ್ದು ರಾಮರಾಯನ ವಿಜಯನಗರ. ವಿಜಯಪುರದ ಆಲಿ ಆದಿಲ್‌ಶಾ, ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಹೋಗಿ ದುಃಖ ಹೇಳಿಬಂದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು ಅಂತ ಫೆರಿಷ್ತಾ ಬರೀತಾನೆ. ರಾಮರಾಯ ಒಮ್ಮೆ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನನ್ನು ಹೊಡೆದ, ಮತ್ತೊಮ್ಮೆ ಇನ್ನೊಬ್ಬನ ಜೊತೆ ಸೇರಿ ಮೊದಲಿನವನನ್ನು ಹೊಡೆದ. ಕಡೆಗೆ ಅವರೆಲ್ಲ ಒಂದಾದರು. ಹೇಗೆ ಒಂದಾದರು? ಬೀಗತನ ಮಾಡಿಕೊಂಡು. ಅಹಮದ್‌ನಗರದ ಹುಸೇನ್ ನಿಜಾಮ್‌ಶಾ ತನ್ನ ಮಗಳು ಚಾಂದ್‌ಬೀಬಿಯನ್ನು ಆಲಿ ಆದಿಲ್‌ಶಾಗೆ ಕೊಟ್ಟ, ಜೊತೆಗೆ ಸೋಲಾಪುರದ ಕೋಟೆಯನ್ನೂ ಕೊಟ್ಟ. ಆಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಒಂದು ಕೋಟೆ, ಆ ಕೋಟೆಯ ಕೆಳಗಿನ ಎಲ್ಲ ಹಳ್ಳಿ, ಆ ಹಳ್ಳಿಗಳ ಎಲ್ಲ ಮನುಷ್ಯರು ಮದುವೆಯ ಉಡುಗೊರೆ! ಸೋಲಾಪುರದ ರೈತನನ್ನಾಗಲಿ ಅಲ್ಲಿನ ಕೇರಿಯವನನ್ನಾಗಲಿ ಯಾರೂ ಕೇಳಲಿಲ್ಲ.

ರಾಮರಾಯ ಸತ್ತ, ರಾಜಧಾನಿ ಹಾಳಾಯಿತು, ದೋಆಬ್ ವಿಜಯಪುರದ ಪಾಲಾಯಿತು. ಗೆದ್ದವರ ಒಕ್ಕೂಟ ಎಷ್ಟು ದಿನ ಬಾಳಿತು? ಸ್ವಲ್ಪೇ ದಿನದಲ್ಲಿ ಅವರವರೇ ಮತ್ತೆ ಕಚ್ಚಾಡಿದರು.

ವಿಜಯನಗರದ ಉಳಿದ ಮನೆತನ ಆಂಧ್ರದ ಕಡೆ ಸರಿದು ಪೆನುಗೊಂಡೆ, ಚಂದ್ರಗಿರಿ ಅಂತ ಬಾಳಿತು. 1614ರಲ್ಲಿ ವೆಂಕಟಪತಿರಾಯ ಸತ್ತಾಗ ಅಲ್ಲೂ ಅದೇ ಕತೆ. ಪಟ್ಟ ಕಟ್ಟಿಸಿಕೊಂಡ ಶ್ರೀರಂಗನನ್ನು ಹೆಂಡಿರು ಮಕ್ಕಳ ಸಮೇತ ಜಗ್ಗರಾಯ ಅನ್ನೋ ಸರದಾರ ಸೆರೆಯಲ್ಲಿಟ್ಟು ಕೊಲ್ಲಿಸಿದ. ಅದಕ್ಕೂ ಮೊದಲೇ ಒಬ್ಬ ರಾಜಕುಮಾರನನ್ನು ಒಬ್ಬ ಅಗಸ ಮೈಲಿಗೆ ಬಟ್ಟೆಯ ಗಂಟಿನಲ್ಲಿ ಅಡಗಿಸಿ ಹೊರಗೆ ಸಾಗಿಸಿದ್ದ ಅಂತ ಆ ಕಾಲದ ಪಾದ್ರಿ ಬರೆದ ಕಾಗದದಲ್ಲಿದೆ. ಆ ಹುಡುಗನೇ ಮುಂದೆ ರಾಮದೇವರಾಯ ಅಂತ ರಾಜನಾದ. ಮೈಲಿಗೆ ಬಟ್ಟೆಯೊಳಗೆ ರಾಜವಂಶ ಉಳಿಯಿತು! ರಾಜಕುಮಾರನ ಹೆಸರು ಪುಸ್ತಕದಲ್ಲಿ ಅದ. ಅಗಸನ ಹೆಸರು ನಾನು ಓದಿದ ಯಾವುದರಲ್ಲೂ ಸಿಗಲಿಲ್ಲ.

ಗುಲಾಮ ಆಳಬಹುದು, ಕೂರಬಾರದು

ವಿಜಯಪುರದಲ್ಲೂ ನೋಡ್ರಿ. 1580ರಲ್ಲಿ ಆಲಿ ಆದಿಲ್‌ಶಾ ಕೊಲೆಯಾದ. ಮಕ್ಕಳಿಲ್ಲ. ಸೋದರನ ಮಗ, ಒಂಬತ್ತು ವರ್ಷದ ಹುಡುಗ ಇಬ್ರಾಹಿಂನನ್ನು ಕೂರಿಸಿದರು. ಹತ್ತು ವರ್ಷ ಹುಡುಗನ ಹೆಸರಲ್ಲಿ ಒಬ್ಬರಾದ ಮೇಲೆ ಒಬ್ಬರು ಸರದಾರರು ಆಳಿದರು: ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್. ಕಿಶ್ವರ್ ಖಾನ್ ಚಾಂದ್‌ಬೀಬಿಯನ್ನೇ ಸಾತಾರಾ ಕೋಟೆಗೆ ಸೆರೆ ಕಳಿಸಿದ. ದಖ್ಖನಿಗಳು ಒಂದು ಕಡೆ, ಹಬಶಿಗಳು ಒಂದು ಕಡೆ, ಪರದೇಶದಿಂದ ಬಂದವರು ಇನ್ನೊಂದು ಕಡೆ, ರಾಜಧಾನಿಯ ಬೀದಿಯಲ್ಲೇ ಬಡಿದಾಟ.

ಹಬಶಿಗಳು ಅಂದ್ರೆ ಆಫ್ರಿಕಾದಿಂದ ಬಂದವರು, ಬಹಳ ಮಂದಿ ಗುಲಾಮರಾಗಿ ಮಾರಾಟವಾಗಿ ಬಂದವರು. ಅವರೊಳಗೆ ಎಲ್ಲರಿಗಿಂತ ಹೆಸರಾದವನು ಮಲಿಕ್ ಅಂಬರ್. ಇಥಿಯೋಪಿಯಾದ ಹುಡುಗ, ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದ. ಮುಂದೆ ಅಹಮದ್‌ನಗರ ರಾಜ್ಯವನ್ನೇ ತನ್ನ ಹೆಗಲ ಮೇಲೆ ಹೊತ್ತು, 1626ರಲ್ಲಿ ಸಾಯುವ ತನಕ ಮೊಗಲರಿಗೆ ನಿದ್ದೆ ಕೆಡಿಸಿದ. ಈ ಮನುಷ್ಯನ ಕತೆ ಓದಿದಾಗ ನನಗೆ ಮೈ ಜುಂ ಅಂದಿತು. ಆದರೆ ಒಂದು ಮಾತು ಗಮನಿಸ್ರಿ. ಇಷ್ಟೆಲ್ಲ ಮಾಡಿದ ಅಂಬರ್ ಸಿಂಹಾಸನದ ಮೇಲೆ ಕೂರಲಿಲ್ಲ. ನಿಜಾಮ್‌ಶಾಹಿ ರಕ್ತದ ಒಬ್ಬನನ್ನು ಹುಡುಕಿ ತಂದು ಕೂರಿಸಿ, ಅವನ ಮುಂದೆ ತಾನು ನಿಂತ. ಗುಲಾಮ ರಾಜ್ಯ ಉಳಿಸಬಹುದು, ರಾಜ್ಯ ನಡೆಸಬಹುದು. ಕೂರೋದಕ್ಕೆ ಮಾತ್ರ ಹುಟ್ಟು ಬೇಕು.

1707: ಎರಡು ಕಡೆಯ ಕತೆ

1619ರಲ್ಲಿ ಬೀದರ್ ವಿಜಯಪುರದೊಳಗೆ ಸೇರಿತು. 1686ರಲ್ಲಿ ವಿಜಯಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಮೊಗಲ್ ರಾಜ್ಯಕ್ಕೆ ಸೇರಿದವು. ಇವೂ ಒಕ್ಕೂಟವೇ, ಆದರೆ ನುಂಗಿದ ಒಕ್ಕೂಟ. ಔರಂಗಜೇಬ ಕಡೆಯದಾಗಿ ತಾನೇ ಹೋಗಿ ಮುತ್ತಿದ ಕೋಟೆ ನಮ್ಮ ಪಕ್ಕದ್ದೇ, ಸುರಪುರದ ಹತ್ತಿರದ ವಾಗಿನಗೇರಿ. 1705ರಲ್ಲಿ, ಎಂಬತ್ತಾರು ವರ್ಷದ ಮುದುಕ ಬಾದಶಾ ಒಬ್ಬ ಬೇಡರ ನಾಯಕನ ಮೇಲೆ ದಂಡೆತ್ತಿ ಬಂದು ತಿಂಗಳುಗಟ್ಟಲೆ ಕಾದ. ಕೋಟೆ ಬಿತ್ತು, ಆದರೆ ಪೀಡನಾಯಕ ಕೈಗೆ ಸಿಗಲಿಲ್ಲ. ಆ ಕೆಚ್ಚಿಗೆ ನಾನು ಕೈ ಮುಗೀತೀನಿ. ಆ ನೆನಪನ್ನು ನಮ್ಮ ನಾಯಕ ಸಮಾಜದ ಗೆಳೆಯರು ಇಟ್ಟುಕೊಂಡಿದ್ದು ನ್ಯಾಯವೇ.

1707ರಲ್ಲಿ ಔರಂಗಜೇಬ ಸತ್ತ. ಅವನೂ ಅಣ್ಣ ದಾರಾನನ್ನು ಕೊಲ್ಲಿಸಿಯೇ ಬಾದಶಾ ಆದವನು. ಅವನ ಮಕ್ಕಳೂ ಅದೇ ದಾರಿ ಹಿಡಿದರು. ಒಬ್ಬ ಮಗ ಆಗ್ರಾ ಹತ್ತಿರ ಸತ್ತ, ಇನ್ನೊಬ್ಬ ಮಗ ಕಾಮ್‌ಬಕ್ಷ್ 1709ರಲ್ಲಿ ಹೈದರಾಬಾದಿನ ಹತ್ತಿರ ಅಣ್ಣನ ಸೈನ್ಯದ ಕೈಯಲ್ಲಿ ಸತ್ತ.

ಅದೇ 1707ರಲ್ಲಿ ಸಮುದ್ರದ ಆಚೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಾಯ್ದೆ ಮಾಡಿಕೊಂಡು ಒಂದೇ ದೇಶ ಆದವು. ಅದಕ್ಕೆ ನೂರು ವರ್ಷ ಮೊದಲು, 1603ರಲ್ಲಿ, ಇಂಗ್ಲೆಂಡಿನ ರಾಣಿಗೆ ಮಕ್ಕಳಿಲ್ಲ ಅಂತ ಸ್ಕಾಟ್ಲೆಂಡಿನ ರಾಜನೇ ಎರಡಕ್ಕೂ ರಾಜನಾಗಿದ್ದ. ನಡುವೆ ಅಲ್ಲೂ ಒಳಯುದ್ಧ ನಡೆಯಿತು. ಆದರೆ ಅಲ್ಲಿ ಒಂದು ಹೊಸ ಸಂಗತಿ ಆಯಿತು, ಅದನ್ನು ನೀವು ತಿಳ್ಕೋಬೇಕು. 1647ರಲ್ಲಿ ಪುಟ್ನಿ ಅನ್ನೋ ಊರಿನ ಚರ್ಚಿನಲ್ಲಿ ಗೆದ್ದ ಸೈನ್ಯದ ಸಿಪಾಯಿಗಳು ಮತ್ತು ಅಧಿಕಾರಿಗಳು ಕೂತು ವಾದ ಮಾಡಿದರು. ರೇನ್ಸ್‌ಬರೋ ಅನ್ನೋ ಅಧಿಕಾರಿ ಹೇಳಿದ್ದರ ಸಾರಾಂಶ ಇಷ್ಟು: ಎಲ್ಲರಿಗಿಂತ ಬಡವನಿಗೂ ಬಾಳಲು ಒಂದು ಜೀವ ಅದ, ಅವನ ಒಪ್ಪಿಗೆ ಇಲ್ಲದೆ ಅವನನ್ನು ಆಳುವ ಹಕ್ಕು ಯಾರಿಗೂ ಇಲ್ಲ. ದೊಡ್ಡವರು ಒಪ್ಪಲಿಲ್ಲ. 1649ರಲ್ಲಿ ರಾಜನ ತಲೆ ತೆಗೆದರು, ಆದರೆ ಬಡವನಿಗೆ ಓಟು ಕೊಡಲಿಲ್ಲ. 1660ರಲ್ಲಿ ಸತ್ತ ರಾಜನ ಮಗನನ್ನೇ ಕರೆತಂದು ಕೂರಿಸಿದರು. ಆ ದೇಶದಲ್ಲಿ ಎಲ್ಲ ಗಂಡಸರಿಗೆ ಓಟು ಸಿಕ್ಕಿದ್ದು 1918ರಲ್ಲಿ, ಹೆಂಗಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ರಾಜನನ್ನು ತೆಗೆಯೋದು ಸುಲಭ, ಹುಟ್ಟಿನ ಲೆಕ್ಕ ತೆಗೆಯೋದು ಕಷ್ಟ.

ರಾಜ ಬದಲಾದ, ಆಯ ಬದಲಾಗಲಿಲ್ಲ

ಇಷ್ಟು ರಾಜರು ಬಂದು ಹೋಗುವಾಗ ನಮ್ಮ ಹಳ್ಳಿಯಲ್ಲಿ ಏನಾಗ್ತಿತ್ತು?

ವಿಜಯನಗರದ ಕಾಲದಲ್ಲಿ ಹಳ್ಳಿಯನ್ನು ನಡೆಸುವವರಿಗೆ ಆಯಗಾರರು ಅಂತಿದ್ದರು. ಗೌಡ, ಕರಣಿಕ, ಬಡಗಿ, ಕಮ್ಮಾರ, ಅಗಸ, ತಳವಾರ, ಮಾದಿಗ ಹೀಗೆ ಹನ್ನೆರಡು ಮಂದಿ. ಮರಾಠಿ ಕಡೆ ಇದನ್ನೇ ಬಲುತೆ ಅಂದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು ತರಬೇಕು. ಯಾರು ಏನು ಕೆಲಸ ಮಾಡಬೇಕು ಅನ್ನೋದು ಹುಟ್ಟಿನಿಂದ ತೀರ್ಮಾನ. ರಾಯರ ರಾಜ್ಯ ಹೋಗಿ ಆದಿಲ್‌ಶಾಹಿ ಬಂದಾಗ ಲೆಕ್ಕದ ಭಾಷೆ ಬದಲಾಯಿತು, ಆಯ ಬದಲಾಗಲಿಲ್ಲ. ಮೊಗಲರು ಬಂದರೂ ಬದಲಾಗಲಿಲ್ಲ. ನಿಜಾಮರು ಬಂದರೂ ಬದಲಾಗಲಿಲ್ಲ. ಸತ್ತ ದನ ಎಳೆಯೋದು, ಡಂಗುರ ಸಾರೋದು, ದೊಡ್ಡವರು ಊರಿಗೆ ಬಂದರೆ ಸಾಮಾನು ಹೊರೋದು, ಅವರ ಕುದುರೆಗೆ ಹುಲ್ಲು ತರೋದು, ಇದೆಲ್ಲ ಬಿಟ್ಟಿ. ನಮ್ಮ ಅಜ್ಜಂದಿರು ಇದನ್ನು ವೆಟ್ಟಿ ಅಂತಾರೆ.

ಇನ್ನೊಂದು ಸಂಗತಿ ಹೇಳ್ತೀನಿ. ಕನ್ನಡ ನಾಡಿನ ಬಹಳ ಊರುಗಳಲ್ಲಿ ಕುಳವಾಡಿ ಅಂತ ಇದ್ದ. ನಮ್ಮ ಹೊಲೆಯರವನು. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಗೌಡನ ಮಾತು ನಡೀತಿರಲಿಲ್ಲ, ಕುಳವಾಡಿಯನ್ನು ಕರೀತಿದ್ದರು. ಅವನು ನಡೆದು ತೋರಿಸಿದ್ದೇ ಗಡಿ. ಯೋಚನೆ ಮಾಡ್ರಿ. ರಾಜರು ಗಡಿಗಾಗಿ ಅಣ್ಣತಮ್ಮರನ್ನು ಕೊಂದರು. ಊರಿನ ಗಡಿಕಲ್ಲು ಎಲ್ಲದೆ ಅಂತ ಗೊತ್ತಿದ್ದವನು ನಮ್ಮ ಅಜ್ಜ. ಆದರೆ ಊರಿನೊಳಗೆ, ಊರ ಬಾವಿಯ ಹತ್ತಿರ, ಗುಡಿಯ ಹೊಸ್ತಿಲ ಹತ್ತಿರ ಅವನಿಗೇ ಒಂದು ಗಡಿ ಹಾಕಿದ್ದರು. ಆ ಗಡಿಯನ್ನು ಯಾವ ರಾಜನೂ ಅಳಿಸಲಿಲ್ಲ.

ಯಾಕೆ ಅಳಿಸಲಿಲ್ಲ? ಎಲ್ಲರೂ ಕೆಟ್ಟವರು ಅಂತ ನಾನು ಹೇಳೋದಿಲ್ಲ. ಕೆಲವರು ಕೆರೆ ಕಟ್ಟಿಸಿದರು, ಛತ್ರ ಕಟ್ಟಿಸಿದರು. ಆದರೆ ಒಂದು ಮಾತು. ರಾಜ ಸಿಂಹಾಸನದ ಮೇಲೆ ಕೂತದ್ದು ಹುಟ್ಟಿನಿಂದ. ನಾವು ಕೇರಿಯಲ್ಲಿ ಕೂತದ್ದೂ ಹುಟ್ಟಿನಿಂದ. ಎರಡೂ ಒಂದೇ ಕಾಯ್ದೆ. ಕೆಳಗಿನ ತುದಿಯನ್ನು ಬಿಚ್ಚಿದರೆ ಮೇಲಿನ ತುದಿಯೂ ಬಿಚ್ಚಿಕೊಳ್ಳುತ್ತೆ. ಹುಟ್ಟು ಲೆಕ್ಕಕ್ಕಿಲ್ಲ ಅಂತ ರಾಜ ಹೇಳಿದ್ದರೆ, ಹಾಗಾದರೆ ನೀನು ಯಾಕೆ ರಾಜ ಅಂತ ಜನ ಕೇಳ್ತಿದ್ದರು.

ನಿಜಾಮ, ಸಂಸ್ಥಾನ ಮತ್ತು ನಮ್ಮವರ ಎರಡು ದಾರಿ

1724ರಿಂದ ನಮ್ಮ ಭಾಗ ನಿಜಾಮರದಾಯಿತು. 1748ರಲ್ಲಿ ಮೊದಲನೇ ನಿಜಾಮ ಸತ್ತಾಗ ಮಗ ನಾಸಿರ್ ಜಂಗ್, ಮಗಳ ಮಗ ಮುಜಫರ್ ಜಂಗ್ ಇಬ್ಬರೂ ಪಟ್ಟಕ್ಕೆ ನಿಂತರು. ಒಬ್ಬನ ಹಿಂದೆ ಇಂಗ್ಲಿಷರು, ಇನ್ನೊಬ್ಬನ ಹಿಂದೆ ಫ್ರೆಂಚರು. 1750ರ ಡಿಸೆಂಬರ್‌ನಲ್ಲಿ ಮಾವ ಸತ್ತ, 1751ರ ಫೆಬ್ರುವರಿಯಲ್ಲಿ ಅಳಿಯ ಸತ್ತ. ಆಮೇಲೆ ಕೂತ ಸಲಾಬತ್ ಜಂಗನನ್ನು ತಮ್ಮ ನಿಜಾಮ್ ಅಲಿ ಸೆರೆಗೆ ಹಾಕಿ ತಾನು ಕೂತ. ಪರದೇಶದ ಕಂಪನಿಗಳು ನಮ್ಮ ನೆಲದೊಳಗೆ ಕಾಲಿಟ್ಟದ್ದು ಇಂಥ ಮನೆಜಗಳದ ಬಾಗಿಲಿನಿಂದಲೇ.

ನಿಜಾಮರ ಕೆಳಗೆ ಗದ್ವಾಲ್, ವನಪರ್ತಿ, ಅಮರಚಿಂತ ಮುಂತಾದ ಸಂಸ್ಥಾನಗಳು ಕಪ್ಪ ಕೊಟ್ಟು ಆಳುತ್ತಿದ್ದವು. ಗದ್ವಾಲ್ ಕೋಟೆ 18ನೇ ಶತಮಾನದ ಮೊದಲ ಭಾಗದಲ್ಲಿ ಸೋಮನಾದ್ರಿ ಕಟ್ಟಿಸಿದ್ದು. ಸಂಸ್ಥಾನದ ಕಡೆಯ ಆಡಳಿತ ಮಹಾರಾಣಿ ಆದಿಲಕ್ಷ್ಮೀದೇವಮ್ಮನವರದು. ಆ ಕೋಟೆಯೊಳಗೆ ಈಗ ಅವರ ಹೆಸರಿನ ಸರ್ಕಾರಿ ಡಿಗ್ರಿ ಕಾಲೇಜು ನಡೀತದ.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಿಜಾಮರು ಸೇರಲಿಲ್ಲ. ಆ ಒಂದು ವರ್ಷದ ರಜಾಕಾರರ ಹಾವಳಿ, ಊರು ಬಿಟ್ಟು ಓಡಿದ್ದು, ಹಿರಿಯರ ಬಾಯಲ್ಲಿ ಈಗಲೂ ಅದ. ಇಲ್ಲಿ ನಮ್ಮದೇ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆಗ ನಮ್ಮವರೊಳಗೇ ಎರಡು ದಾರಿ ಆದವು. ಬಿ.ಎಸ್. ವೆಂಕಟರಾವ್ ನಿಜಾಮರ ಸರ್ಕಾರದಲ್ಲಿ ಮಂತ್ರಿಯಾದರು. ಬಿ. ಶ್ಯಾಮಸುಂದರ್ 1948ರಲ್ಲಿ ಹೈದರಾಬಾದಿನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಇಬ್ಬರೂ ದಲಿತರಿಗಾಗಿ ಜೀವ ತೇದವರು. ದಲಿತರ ಓದಿಗೆ ಒಂದು ಕೋಟಿ ರೂಪಾಯಿ ನಿಧಿ ನಿಜಾಮರಿಂದ ಬಂದದ್ದೂ ಆ ಕಾಲದಲ್ಲೇ. ಆದರೆ ಬಾಬಾಸಾಹೇಬರು 1947ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟು, ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪಕ್ಷ ಹಿಡಿಯಬಾರದು ಅಂತ ಸ್ಪಷ್ಟವಾಗಿ ಹೇಳಿದರು. ನಮ್ಮ ಹಿರಿಯರನ್ನು ಬೈಯೋಕೆ ಇದನ್ನು ಬರೀತಿಲ್ಲ. ಒಬ್ಬ ರಾಜ ಕೊಡುವ ದಾನ ದೊಡ್ಡದೋ, ಎಲ್ಲರಿಗೂ ಸಿಗುವ ಹಕ್ಕು ದೊಡ್ಡದೋ ಅನ್ನೋ ಪ್ರಶ್ನೆ ಆಗ ಅವರ ಮುಂದೆ ನಿಜವಾಗಿ ಇತ್ತು. ಇವತ್ತೂ ಎಲೆಕ್ಷನ್ ಬಂದಾಗ ನಮ್ಮ ಮುಂದೆ ಇರ್ತದ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಶರಣಾದರು. 1949ರಲ್ಲಿ ಜಾಗೀರುಗಳು ರದ್ದಾದವು, ಸಂಸ್ಥಾನಗಳೂ ಮುಗಿದವು.

17 ಮತ್ತು 18

ಇದೂ ಒಂದು ಒಕ್ಕೂಟವೇ, ಸೈನ್ಯದಿಂದಲೇ ಆದದ್ದು. ಹಾಗಾದರೆ ಹಿಂದಿನ ಒಕ್ಕೂಟಗಳಿಗೂ ಇದಕ್ಕೂ ಏನು ಫರಕ್? ಫರಕ್ 1950ರ ಜನವರಿ 26ರಂದು ಬಂತು.

ಸಂವಿಧಾನದ ಪುಸ್ತಕ ನಮ್ಮ ಸಂಘದ ಕಪಾಟಿನಲ್ಲಿ ಅದ, ತೆಗೆದು ನೋಡ್ರಿ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡ್ತದ. ಅದರ ಮುಂದಿನದೇ 18ನೇ ವಿಧಿ, ಸರ್ಕಾರ ಬಿರುದು ಬಾವಲಿ ಕೊಡೋದನ್ನು ನಿಲ್ಲಿಸ್ತದ. ರಾಜಾ, ನವಾಬ, ರಾವ್‌ಬಹದ್ದೂರ್ ಇನ್ನು ಸರ್ಕಾರದಿಂದ ಹುಟ್ಟೋದಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ 23ನೇ ವಿಧಿ ಬಿಟ್ಟಿಯನ್ನು ಅಪರಾಧ ಮಾಡ್ತದ. ನಾನು ಪರೀಕ್ಷೆಗೆ ಬಾಯಿಪಾಠ ಮಾಡುವಾಗ 17 ಮತ್ತು 18 ಪಕ್ಕಪಕ್ಕ ಇರೋದನ್ನು ನೋಡಿ ನಿಂತುಬಿಟ್ಟೆ. ಹುಟ್ಟಿನಿಂದ ಕೆಳಗೆ ಹಾಕೋದನ್ನು ಒಂದು ಸಾಲು ನಿಲ್ಲಿಸಿತು, ಹೆಸರಿನ ಮುಂದೆ ಬಿರುದು ಹಚ್ಚಿ ಮೇಲೆ ಏರಿಸೋದನ್ನು ಮುಂದಿನ ಸಾಲು ನಿಲ್ಲಿಸಿತು. ಎರಡೂ ತುದಿ ಒಟ್ಟಿಗೆ ಬಿಚ್ಚಿದವು. ಹಳೇ ರಾಜರಿಗೆ ಕೊಡುತ್ತಿದ್ದ ರಾಜಧನವೂ 1971ರಲ್ಲಿ ನಿಂತಿತು.

ಮತ್ತೆ ಓಟು. ಪುಟ್ನಿಯ ಸಿಪಾಯಿಗಳು ಕೇಳಿದ್ದು ಅವರ ದೇಶದಲ್ಲಿ ಸಿಗೋಕೆ ಇನ್ನೂರೆಪ್ಪತ್ತು ವರ್ಷ ಹಿಡೀತು. ನಮ್ಮಲ್ಲಿ ಗಂಡಸು, ಹೆಂಗಸು, ಊರು, ಕೇರಿ ಅನ್ನದೆ ಎಲ್ಲರಿಗೂ ಒಂದೇ ದಿನ ಸಿಕ್ಕಿತು. ಕೃಷ್ಣೆಯ ದಂಡೆಯಲ್ಲಿ ಯಾರು ಆಳಬೇಕು ಅಂತ ನಮ್ಮ ಅಜ್ಜಿಯರನ್ನು ಮೊದಲ ಸಲ ಕೇಳಿದ್ದು ಆ ಮೊದಲ ಚುನಾವಣೆಯಲ್ಲಿ. ಸಾವಿರ ವರ್ಷದಲ್ಲಿ ಮೊದಲ ಸಲ! ರಾಜರು ಅಣ್ಣತಮ್ಮರನ್ನು ಕೊಂದ ಇದೇ ನಡಿಗಡ್ಡದಲ್ಲಿ ಅಲಂಪುರ ಇವತ್ತು ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಅಲ್ಲಿ ಗೆಲ್ಲೋಕೆ ಯಾರೂ ಯಾರ ಕಣ್ಣೂ ಕೀಳಬೇಕಿಲ್ಲ. ಸೋತವನು ಐದು ವರ್ಷ ಕಾದು ಮತ್ತೆ ನಿಲ್ಲಬಹುದು. ಒಳಯುದ್ಧಕ್ಕೆ ಮದ್ದು ಇದೇ ನೋಡ್ರಿ.

ಇನ್ನೂ ಆಗದ ಒಕ್ಕೂಟ

ಎಲ್ಲಾ ಮುಗೀತು, ಎಲ್ಲಾ ಚಲೋ ಅಂತ ನಾನು ಹೇಳ್ತಿಲ್ಲ. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳನ್ನು ಮಾಡಿದರು. ಅಲ್ಲಿತನಕ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್, ಅಲಂಪುರ ತಾಲೂಕು ಆಂಧ್ರಪ್ರದೇಶಕ್ಕೆ ಬಂದವು, ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡದ ಮನೆಗಳು ತೆಲುಗು ರಾಜ್ಯದಲ್ಲೇ ಉಳಿದವು. ನಮ್ಮ ಬೀಗರು ಆ ಕಡೆ, ನಾವು ಈ ಕಡೆ. ರಾಯಚೂರಿನಿಂದ ಸೊಸೆಯಾಗಿ ಬಂದ ಅಕ್ಕ ತವರಿನ ಜಾತಿ ಸರ್ಟಿಫಿಕೇಟ್ ತೋರಿಸಿದರೆ ಈ ರಾಜ್ಯದ ನೌಕರಿಯ ಮೀಸಲಾತಿಗೆ ಅದು ನಡೆಯೋದಿಲ್ಲ. ಗೆರೆ ದಾಟಿದರೂ ಕೇರಿ ಮಾತ್ರ ಅದೇ ಕೇರಿ! ಬಾಬಾಸಾಹೇಬರು 1955ರಲ್ಲೇ ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದು ಎಚ್ಚರಿಸಿದ್ದರು: ಒಂದೊಂದು ರಾಜ್ಯದಲ್ಲಿ ಒಂದೊಂದು ದೊಡ್ಡ ಜಾತಿಯೇ ಒಡೆಯನಾಗಿ ಕೂರುವ ಅಪಾಯ ಅದ ಅಂತ. 1949ರ ನವೆಂಬರ್ 25ರ ಭಾಷಣದಲ್ಲಿ ಅದಕ್ಕೂ ಮೂಲದ ಮಾತು ಹೇಳಿದ್ದರು: ಓಟಿನಲ್ಲಿ ಸಮಾನರಾಗಿ, ಬದುಕಿನಲ್ಲಿ ಅಸಮಾನರಾಗಿ ಬಹಳ ದಿನ ನಡೆಸೋಕೆ ಆಗೋದಿಲ್ಲ ಅಂತ.

ವಿಜಯನಗರ, ವಿಜಯಪುರ, ಬೀದರ್, ಗೋಲ್ಕೊಂಡ, ಹೈದರಾಬಾದ್ ಎಲ್ಲ ಒಂದಾದವು. ಊರು ಮತ್ತು ಕೇರಿ ಇನ್ನೂ ಪೂರ್ತಿ ಒಂದಾಗಿಲ್ಲ. ಆ ಒಕ್ಕೂಟಕ್ಕೆ ಸೈನ್ಯ ಬರೋದಿಲ್ಲ. ಅದನ್ನು ಮಾಡಬೇಕಾದವರು ನಾವು ಮತ್ತು ಈ ಸಂಚಿಕೆ ಓದುತ್ತಿರುವ ನಮ್ಮ ನೆರೆಯವರು. ಗ್ರಾಮಸಭೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರೋದು, ಹೋಟೆಲಿನಲ್ಲಿ, ಗುಡಿಯಲ್ಲಿ, ಬಾವಿ ಕಟ್ಟೆಯಲ್ಲಿ ಒಟ್ಟಿಗೆ ನಿಲ್ಲೋದು, ಓಟನ್ನು ಐನೂರು ರೂಪಾಯಿಗೆ ಮಾರದೇ ಇರೋದು, ಹೆಣ್ಣುಮಕ್ಕಳನ್ನು ಡಿಗ್ರಿ ತನಕ ಓದಿಸೋದು. ಕೇಳೋಕೆ ಸಣ್ಣ ಸಂಗತಿ, ಮಾಡೋಕೆ ಯುದ್ಧಕ್ಕಿಂತ ಕಷ್ಟ.

ಈಗ ಆ ತಮ್ಮನಿಗೆ ಉತ್ತರ.

ತಮ್ಮಾ, ನಮಗೆ ರಾಜ ಇರಲಿಲ್ಲ. ನೀರು ಹೊತ್ತವರು, ತೊಗಲು ಹೊಲಿದವರು, ಗಡಿ ತೋರಿಸಿದವರು ಇದ್ದರು. ಅವರ ಫೋಟೋ ಇಲ್ಲ, ಕುದುರೆ ಇಲ್ಲ. ನೀನು ಅದಕ್ಕೆ ತಲೆ ತಗ್ಗಿಸಬ್ಯಾಡ. ಬೇರೆಯವರ ಸ್ಟೇಟಸ್‌ನಲ್ಲಿರುವ ಕತ್ತಿ ಎಷ್ಟು ಸಲ ಸ್ವಂತ ಅಣ್ಣತಮ್ಮನ ಕುತ್ತಿಗೆ ಮೇಲೇ ಬಿತ್ತು ಅಂತ ಈಗ ನಿನಗೆ ಗೊತ್ತಾಯಿತಲ್ಲ. ಬಾಬಾಸಾಹೇಬರನ್ನೂ ರಾಜ ಮಾಡಬ್ಯಾಡ. ಅವರ ಕೈಯಲ್ಲಿ ಕತ್ತಿ ಇಲ್ಲ, ಪುಸ್ತಕ ಅದ. ಹುಟ್ಟಿನಿಂದ ಯಾರೂ ರಾಜ ಅಲ್ಲ, ಹುಟ್ಟಿನಿಂದ ಯಾರೂ ಕೀಳಲ್ಲ ಅಂತ ಬರೆದ ಪುಸ್ತಕ.

ಮುಂದಿನ ಜಯಂತಿಗೆ ಫ್ಲೆಕ್ಸ್ ಕಟ್ಟೋಕೆ ಬಾ. ಕೆಳಗೆ 17 ಮತ್ತು 18ನೇ ವಿಧಿ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆಸೋಣ.

ಜೈ ಭೀಮ್.